ಟಿವಿಯೊಳಗಿನ ಭಾನಾಮತಿ

ಎದೆಯೊಳಗೆ ಮಶೀನ್ ಇಡಬೇಕು ಎಂದು ಡಾಕ್ಟರ್ ಹೇಳಿದ್ದು ಶುಕ್ರವಾರ. ಇಡುವುದು ಸೋಮವಾರ ಎಂದಾಯಿತು. ನಡುವಿನ ಶನಿವಾರ ಭಾನುವಾರ ನಾನು ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಮಗಳ ಮನೆಯಲ್ಲಿ ಟಿವಿ ಮುಂದೆ ಕುಳಿತೆ. ಹಾರುವ ಮನುಷ್ಯರನ್ನು ನೋಡಿದೆ. ನಕ್ಷತ್ರಕ್ಕೆ ಹೋಗುವ ಹಡಗು ನೋಡಿದೆ. ಮನುಷ್ಯರ ಮೈಯೊಳಗೆ ಸೇರಿಕೊಂಡ ಯಂತ್ರ ನೋಡಿದೆ. ನಗುವ ಮಾತಲ್ಲ, ಹೆದರಿ ಸತ್ತೆ. ಹೆದರಿ ಓಡಿಯೂ ಹೋದೆ. ಅದನ್ನೇ ಬರೆಯುತ್ತಿದ್ದೇನೆ.

ನಾನು ಕಮಲಾಪುರದವಳು. ಅಲ್ಲಿಯ ಕೆಂಪು ಬಾಳೆಯ ತೋಟಗಳಲ್ಲಿ ಕೂಲಿ ಮಾಡಿ ಮಾಡಿ ಮುದುಕಿಯಾದೆ. ಮಗನ ಜೊತೆ ಇದ್ದೇನೆ. ಕೂತು ತಿನ್ನು ಎನ್ನುತ್ತಾನೆ, ನನಗೆ ಕೂಡಲು ಬರುವುದಿಲ್ಲ. ಹೋದ ಚಳಿಗಾಲದಲ್ಲಿ ಒಂದು ದಿನ ತೋಟದಿಂದ ಗೊನೆ ಹೊತ್ತು ಬರುವಾಗ ಕಣ್ಣಿಗೆ ಕತ್ತಲೆ ಬಂತು. ಕಣ್ಣು ಬಿಟ್ಟಾಗ ಬಾಯಲ್ಲಿ ಮಣ್ಣಿತ್ತು. ಯಾರೂ ನೋಡಿರಲಿಲ್ಲ. ಸೀರೆ ಕೊಡವಿಕೊಂಡು ಎದ್ದೆ. ಆಮೇಲೆ ಅಡುಗೆಮನೆಯಲ್ಲಿ ಒಮ್ಮೆ ಹಾಗೇ ಆಯಿತು. ಆಗಲೂ ಯಾರಿಗೂ ಹೇಳಲಿಲ್ಲ. ಮಗಳ ಮನೆಗೆ ಬಂದಾಗ ಜಗತ್ ಸರ್ಕಲ್ಲಿನ ಬಳೆ ಅಂಗಡಿಯ ಮುಂದೆ ಹಾಡಹಗಲೇ ಬಿದ್ದೆ. ಮಗಳು ನೋಡಿಬಿಟ್ಟಳು. ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದಳು.

ಅಲ್ಲಿ ಎದೆಗೆ ವೈರು ಅಂಟಿಸಿದರು. ಕಾಗದದ ಮೇಲೆ ಗೆರೆ ಓಡಿತು. ಡಾಕ್ಟರ್ ಅದನ್ನು ಹಿಡಿದು ನೋಡಿ ಹೇಳಿದ.

"ಅವ್ವಾ, ನಿಮ್ಮ ಎದಿ ನಡುನಡುವ ಬಡಿಯೋದು ನಿಂದರಸ್ತದ. ಅದಕ್ಕೇ ಬೀಳ್ತೀರಿ. ಒಂದಿನ ಬಿದ್ದವ್ರು ಏಳಂಗಿಲ್ಲ. ಮಶೀನ್ ಹಾಕಬೇಕು."

ಮತ್ತೆ ಕಾಗದದ ಗೆರೆಯ ಕಡೆ ನೋಡಿ ಕೇಳಿದ.

"ನಿಮ್ಮ ಮನಿತನದಾಗ ಯಾರಿಗಾದ್ರೂ ಹಿಂಗ ಬೀಳೋದು ಇತ್ತೇನ್ರಿ? ಅವ್ವ, ಅಪ್ಪ, ಅಕ್ಕತಂಗೇರು?"

"ಯಾರಿಗೂ ಇಲ್ಲ" ಎಂದೆ. ಅವನು ಕೇಳಿ ಮುಗಿಸುವ ಮೊದಲೇ ಎಂದೆ.

ಈಗಲೇ ಸೇರಿಕೊಳ್ಳಿ ಎಂದ. ಒಲ್ಲೆ, ಸೋಮವಾರ ಬರುತ್ತೇನೆ ಎಂದೆ. ಹಟ ಮಾಡಿದರೆ ನನ್ನನ್ನು ಯಾರೂ ಗೆದ್ದಿಲ್ಲ. ಹಾಗಾದರೆ ಈಕೆಯನ್ನು ಒಬ್ಬಳನ್ನೇ ಬಿಡಬೇಡಿ ಎಂದು ಮಗಳಿಗೆ ತಾಕೀತು ಮಾಡಿದ. ಆಮೇಲೆ ಮೇಜಿನ ಖಾನೆಯಿಂದ ಒಂದು ಮಶೀನ್ ತೆಗೆದು ಅಂಗೈಯಲ್ಲಿಟ್ಟು ತೋರಿಸಿದ. ಕೈಗಡಿಯಾರದ ಪಟ್ಟಿ ಕಿತ್ತು ಹಾಕಿದರೆ ಉಳಿಯುವಷ್ಟು ದೊಡ್ಡದು.

"ಒಮ್ಮಿ ಒಳಗ ಕುಂತ್ರ ಮುಗೀತು. ಹೆಚ್ಚು ಕಡಿಮಿ ಮಾಡೋದಿದ್ರ ಮತ್ತ ಕೊಯ್ಯಂಗಿಲ್ಲ. ಹೊರಗಿಂದನೇ ಮಾಡ್ತೀವಿ. ನಾವು ಕಂಪ್ಯೂಟರಿನ್ಯಾಗ ಒತ್ತಿದ್ರ ನಿಮ್ಮ ಎದಿ ಕೇಳ್ತದ."

"ಎಷ್ಟ್ ಛಲೋ ಆಯ್ತಲ್ಲ!" ಎಂದಳು ಮಗಳು. ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ.

ದೂರ ನಿಂತು, ಮೈ ಮುಟ್ಟದೆ, ಇನ್ನೊಬ್ಬರ ಮೈಯನ್ನು ಆಡಿಸುವುದಕ್ಕೆ ನಮ್ಮ ಕಡೆ ಒಂದು ಹೆಸರಿದೆ. ಭಾನಾಮತಿ. ಭಾನಾಮತಿ ಮಾಡಿದರೆ ಮನೆ ಮೇಲೆ ಕಲ್ಲು ಬೀಳುತ್ತವೆ, ಟ್ರಂಕಿನಲ್ಲಿಟ್ಟ ಸೀರೆ ಸುಟ್ಟುಹೋಗುತ್ತದೆ, ಚೆನ್ನಾಗಿದ್ದ ಹೆಂಗಸು ನಾಯಿಯ ಹಾಗೆ ಬೊಗಳುತ್ತಾಳೆ ಎಂದು ಕೇಳಿಕೊಂಡೇ ಬೆಳೆದವಳು ನಾನು. ದೀಕ್ಷೆ ತೆಗೆದುಕೊಂಡು ಬೌದ್ಧರಾದ ಮೇಲೆ ನಮ್ಮವರು ದೇವರನ್ನೂ ದೆವ್ವವನ್ನೂ ಬಿಟ್ಟರು. ನಾನೂ ಬಾಯಿಂದ ಬಿಟ್ಟೆ. ಹೊಟ್ಟೆಯೊಳಗಿನದು ಹೋಗಲಿಲ್ಲ. ನನ್ನ ಅಳಿಯ ನೌಕರಿಯವನು, ವಿಹಾರದಲ್ಲಿ ನಾಲ್ಕು ಜನರ ಮುಂದೆ ನಿಂತು ಇಂಥ ಮೂಢತನ ಬಿಡಿ ಎಂದು ಭಾಷಣ ಮಾಡುವವನು. ಅವನ ಮನೆಯಲ್ಲಿ ಅವನ ಅನ್ನ ತಿನ್ನುತ್ತ ಭಾನಾಮತಿಗೆ ಅಂಜುತ್ತೇನೆ ಎನ್ನುವುದು ಹೇಗೆ?

ಶನಿವಾರ ಬೆಳಗ್ಗೆ ಮಗಳು ಹೊಲಿಗೆ ಅಂಗಡಿಗೆ ಹೊರಟಳು. ಅಳಿಯನಿಗೂ ಅವತ್ತು ಕಚೇರಿ ಇತ್ತು. ನನ್ನನ್ನು ಕಾಯುವ ಕೆಲಸ ಮೊಮ್ಮಗಳ ಮೇಲೆ ಬಿತ್ತು. ಅವಳು ಪಿಯುಸಿ ಹುಡುಗಿ, ಪರೀಕ್ಷೆ ಮುಗಿಸಿ ಕೂತಿದ್ದಳು. ಶನಿವಾರ ಭಾನುವಾರ ಬಾಗಿಲು ಹಾಕಿಕೊಂಡು ಯಾವುದೋ ಇಂಗ್ಲಿಷ್ ಧಾರಾವಾಹಿ ಪೂರ್ತಿ ಮುಗಿಸುವುದು ಎಂದು ಪರೀಕ್ಷೆಗೆ ಮೊದಲೇ ಠರಾಯಿಸಿಕೊಂಡಿದ್ದಳಂತೆ.

"ನೋಡವ್ವ, ಟಿವಿ ನೋಡು, ಬ್ಯಾಡ ಅನ್ನಂಗಿಲ್ಲ. ಆದ್ರ ಒಂದು ಕಣ್ಣು ಆಯಿ ಮ್ಯಾಲಿರಬೇಕು" ಎಂದಳು ಮಗಳು.

"ಒಂದು ಕಣ್ಣು ಟಿವಿ ಮ್ಯಾಲ, ಒಂದು ಕಣ್ಣು ಆಯಿ ಮ್ಯಾಲ. ಮೆಳ್ಳಗಣ್ಣಾಗ್ತದ ನಂದು. ಆಮ್ಯಾಲ ಗಂಡು ನೀನೇ ಹುಡುಕು."

ಹುಡುಗಿ ಪರದೆ ಎಳೆದು ಕೂಲರ್ ಹಾಕಿದಳು. ಹೊರಗೆ ಕಲಬುರಗಿಯ ಬಿಸಿಲು, ಒಳಗೆ ಕತ್ತಲು. ನನ್ನನ್ನು ಸೋಫಾದ ಮೂಲೆಯಲ್ಲಿ ಕೂರಿಸಿ ಎರಡೂ ಕಡೆ ದಿಂಬು ಇಟ್ಟಳು, ಬಿದ್ದರೆ ಮೆತ್ತಗೆ ಬೀಳಲಿ ಎಂದು. ಬಚ್ಚಲಿಗೆ ಎದ್ದರೆ ಹಿಂದೆಯೇ ಬಂದು "ಬಾಗಲಾ ಹಾಕ್ಕೋಬ್ಯಾಡ ಆಯಿ" ಎನ್ನುವಳು. ಎಮ್ಮೆ ಕಾದ ಹಾಗೆ ಕಾದಳು.

ಮೊದಲು ಒಂದು ಹಡಗಿನ ಕಥೆ ಹಾಕಿದಳು. ಮಾತೆಲ್ಲ ಹಿಂದಿಯಲ್ಲಿತ್ತು, ಸಂತೆಯ ಹಿಂದಿ ನನಗೆ ಬರುತ್ತದೆ. ಜನ ಬೇರೆ ನಕ್ಷತ್ರಕ್ಕೆ ಹೊರಟಿದ್ದಾರೆ, ದಾರಿ ದೂರವಂತ, ಗಾಜಿನ ಪೆಟ್ಟಿಗೆಗಳಲ್ಲಿ ಮಲಗಿದ್ದಾರೆ. "ಇವರು ಸತ್ತಾರೇನು?" ಎಂದೆ. "ಮಲಗ್ಯಾರ ಆಯಿ. ನೂರು ವರ್ಷ ಆದಮ್ಯಾಲ ಏಳ್ತಾರ." ಎದ್ದು ರೊಟ್ಟಿಗೆ ಜೋಳ ಎಲ್ಲಿಂದ ತರುತ್ತಾರೆ ಎಂದು ಕೇಳಿದೆ. ಅವಳು ನಕ್ಕಳು. ಆ ಕಥೆಗೆ ನನಗೆ ಹೆದರಿಕೆಯಾಗಲಿಲ್ಲ. ಮಲಗಿದವರನ್ನು ಯಾರೂ ಆಡಿಸುತ್ತಿರಲಿಲ್ಲ.

ಆಮೇಲೆ ಅವಳ ಆ ಧಾರಾವಾಹಿ ಶುರುವಾಯಿತು, ಅದನ್ನೂ ನನಗಾಗಿ ಹಿಂದಿಯಲ್ಲೇ ಹಾಕಿದಳು. ನೀಲಿ ಬಟ್ಟೆ ತೊಟ್ಟ ಹೆಂಗಸೊಬ್ಬಳು ಕಟ್ಟಡದಿಂದ ಕಟ್ಟಡಕ್ಕೆ ಹಾರುತ್ತಾಳೆ.

"ಇಷ್ಟು ಬಿಗಿ ಬಟ್ಟಿ ಹಾಕ್ಕೊಂಡು ಕುಂದರ್ತಾಳ ಹ್ಯಾಂಗ?"

"ಕುಂದರಂಗಿಲ್ಲ ಆಯಿ, ಹಾರ್ತಾಳ."

"ಹಾರಿ ಏನ್ ಮಾಡ್ತಾಳ?"

"ಮಂದೀನ ಉಳಸ್ತಾಳ. ಸುಮ್ನ ನೋಡು."

ನೋಡಿದೆ. ಆ ಊರಿನ ಜನರಿಗೆ ಒಂದು ಕಂಪನಿಯವರು ಆರೋಗ್ಯಕ್ಕೆ ಎಂದು ಎದೆಯೊಳಗೆ ಗುಂಡಿಯಷ್ಟು ಮಶೀನ್ ಇಟ್ಟಿದ್ದಾರೆ. ಜನ ತಾವೇ ಸಾಲು ನಿಂತು ಇಡಿಸಿಕೊಂಡಿದ್ದಾರೆ. ಎಲ್ಲರೂ ಖುಷಿಯಾಗಿದ್ದಾರೆ. ಊರ ನಡುವೆ ಎತ್ತರದ ಗೋಪುರ. ಅದರ ಮೇಲೆ ಬೋಳುತಲೆಯವನೊಬ್ಬ ಕೂತಿದ್ದಾನೆ, ಕೈಯಲ್ಲಿ ಗಾಜಿನ ಪಾಟಿ, ಸಾಲೆಯ ಮಕ್ಕಳು ಬರೆಯುವ ಪಾಟಿಯಷ್ಟೇ. ಅವನು ಪಾಟಿಯ ಮೇಲೆ ಒಂದು ಬೆರಳು ಎಳೆಯುತ್ತಾನೆ. ಕೆಳಗೆ ರಸ್ತೆಯ ಮೇಲಿನ ಜನ ನಿಂತಲ್ಲೇ ನಿಲ್ಲುತ್ತಾರೆ. ಕಾಯಿಪಲ್ಲೆ ಕೊಳ್ಳುವವಳು, ಸೈಕಲ್ ಮೇಲಿನವನು, ಕೂಸು ಎತ್ತಿಕೊಂಡವಳು, ಎಲ್ಲರೂ. ಇನ್ನೊಂದು ಬೆರಳು ಎಳೆದ. ಎಲ್ಲರೂ ಬಿದ್ದರು. ಮತ್ತೊಮ್ಮೆ ಎಳೆದ. ಎಲ್ಲರೂ ಎದ್ದು ಒಂದೇ ಕಡೆ ಮುಖ ಮಾಡಿ ನಡೆದರು. ಕಣ್ಣು ತೆರೆದಿವೆ, ಕಣ್ಣೊಳಗೆ ಯಾರೂ ಇಲ್ಲ.

ನಾನು ಸೆರಗು ಎಳೆದು ಎದೆ ಮುಚ್ಚಿಕೊಂಡೆ.

"ಇವ್ರ ಎದಿಯೊಳಗಿಂದು ಅಂವ ಹ್ಯಾಂಗ ಮುಟ್ಟಿದ?"

"ಮುಟ್ಟಿಲ್ಲ ಆಯಿ. ವೈರ್ ಇಲ್ಲದೇ ಕನೆಕ್ಷನ್ ಇರ್ತದ. ಸೋಮವಾರಕ್ಕ ನೀನೂ ಹಂಗೇ ಆಗ್ತಿ ನೋಡು. ನಾ ರಿಮೋಟ್ ಒತ್ತಿದ್ರ ನೀ ಎದ್ದು ಚಹಾ ಮಾಡಬೇಕು!"

ಅವಳು ರಿಮೋಟನ್ನು ನನ್ನ ಎದೆಗೆ ಹಿಡಿದು ಗುಂಡಿ ಒತ್ತಿದಳು. ನಾನು ಕಿರುಚಿದೆ. ನನಗೇ ಗೊತ್ತಾಗದೆ ಕಿರುಚಿದೆ. ಹುಡುಗಿ ಬೆಚ್ಚಿ ರಿಮೋಟ್ ಕೆಳಗಿಟ್ಟು "ಚೇಷ್ಟಿ ಮಾಡಿದ್ನಲ್ಲ ಆಯಿ, ಏನಾಯ್ತು?" ಎಂದು ನನ್ನ ಕೈ ಹಿಡಿದಳು. ಜಿರಲೆ ನೋಡಿದೆ ಎಂದೆ. ಜಿರಲೆಗೆ ಅಂಜುವವಳಲ್ಲ ನಾನು, ಅವಳಿಗೂ ಗೊತ್ತಿತ್ತು. ಆಮೇಲೆ ನನ್ನ ಪಕ್ಕಕ್ಕೇ ಬಂದು ಕೂತಳು.

ಟಿವಿಯಲ್ಲಿ ಒಬ್ಬ ಮುದುಕ ಬಿದ್ದಿದ್ದ. ಅವನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣ ನಾನು ನೋಡಿದ್ದೆ.

ನನಗೆ ಒಬ್ಬ ಅಕ್ಕ ಇದ್ದಳು. ಅವಳು ಬೀಳುತ್ತಿದ್ದಳು. ನೀರು ತರುವಾಗ, ರೊಟ್ಟಿ ಬಡಿಯುವಾಗ, ಇದ್ದಕ್ಕಿದ್ದಂತೆ ಕುಸಿಯುವಳು. ಮುಖ ಬೂದಿಯಾಗುವುದು. ಸ್ವಲ್ಪ ಹೊತ್ತಿಗೆ ತಾನೇ ಎದ್ದು "ಯಾಕ ಹಂಗ ನೋಡ್ತೀರಿ?" ಎಂದು ನಮ್ಮನ್ನೇ ಕೇಳುವಳು. ಓಣಿಯವರು ಭಾನಾಮತಿ ಎಂದರು. ಬೇರೆ ಊರಿನಿಂದ ಒಬ್ಬನನ್ನು ಕರೆಸಿದರು. ಅವನು ಅಕ್ಕನನ್ನು ಮೆಣಸಿನಕಾಯಿ ಹೊಗೆಯ ಮುಂದೆ ಕೂರಿಸಿ, ಬೇವಿನ ಬರಲಿನಿಂದ ಹೊಡೆದು, ಮಾಡಿದವರು ಯಾರು ಹೇಳು ಎಂದ. ಉಸಿರು ಸಿಗದೆ ಅವಳು ಬಾಯಿಗೆ ಬಂದ ಹೆಸರು ಹೇಳಿದಳು. ಓಣಿಯ ಕೊನೆಯ ಮನೆಯ ಮುದುಕಿಯ ಹೆಸರು, ನಮಗೆ ಬೆಲ್ಲ ಕೊಡುತ್ತಿದ್ದವಳು. ಗಂಡಸರು ಹೋಗಿ ಆ ಮುದುಕಿಯ ಮುಂದಿನ ಹಲ್ಲು ಕಲ್ಲಿನಿಂದ ಮುರಿದರು. ಹಲ್ಲು ಹೋದ ಬಾಯಿಗೆ ಮಂತ್ರ ಹತ್ತುವುದಿಲ್ಲ ಎಂಬುದು ಅವರ ಲೆಕ್ಕ. ನಾನು ಗೋಡೆಯ ಹಿಂದೆ ನಿಂತಿದ್ದೆ, ನೋಡಲಿಲ್ಲ, ಕೇಳಿಸಿಕೊಂಡೆ. ಹಲ್ಲು ಮುರಿದ ಮೇಲೂ ಅಕ್ಕ ಬಿದ್ದಳು. ಮತ್ತೆ ಹೊಗೆ ಹಾಕಿದರು. ಒಂದು ಅಮಾವಾಸ್ಯೆ ಹೊಗೆಯ ಮುಂದೆ ಬಿದ್ದವಳು ಏಳಲಿಲ್ಲ.

ನಾನು ಬಿದ್ದದ್ದನ್ನು ಯಾರಿಗೂ ಹೇಳದೆ ಇದ್ದದ್ದು ಇದಕ್ಕೆ. ಡಾಕ್ಟರ್ ಕೇಳಿದಾಗ ಯಾರಿಗೂ ಇಲ್ಲ ಎಂದದ್ದೂ ಇದಕ್ಕೇ. ಅಕ್ಕನ ಮೈಯನ್ನು ಯಾರೋ ಹೊರಗಿನಿಂದ ಆಡಿಸಿ ಕೊಂದರು, ಈಗ ನನ್ನ ಸರದಿ ಬಂತು ಎಂದುಕೊಂಡಿದ್ದೆ. ಅಂಥದ್ದರಲ್ಲಿ ಎದೆಗೆ ಮಶೀನ್ ಇಡಿಸಿಕೊಂಡರೆ ಹಿಡಿಯುವವನಿಗೆ ನಾನೇ ಹಿಡಿಕೆ ಮಾಡಿಕೊಟ್ಟ ಹಾಗೆ.

ಸಂಜೆ ಮಗಳು ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಳು. ಅಳಿಯ ಬಂದವನು ನನ್ನನ್ನು ನೋಡಿ "ಅತ್ತೀ, ಮಾರಿ ಯಾಕ ಸಣ್ಣ ಮಾಡೀರಿ? ಅಂಜಬ್ಯಾಡ್ರಿ, ಈಗ ಇದೆಲ್ಲ ಸಣ್ಣ ಕೆಲಸ" ಎಂದ. "ನಾ ಯಾಕ ಅಂಜಲಿ?" ಎಂದೆ. ನನ್ನ ಪಾಲಿನ ಭಜಿಯನ್ನು ಮೊಮ್ಮಗಳ ತಟ್ಟೆಗೆ ಹಾಕಿದೆ.

ಭಾನುವಾರ ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ಬಿಳಿ ಬಟ್ಟೆ ಹಾಕಿಕೊಂಡು ವಿಹಾರಕ್ಕೆ ಹೋದರು. ಹುಡುಗಿ ಮತ್ತೆ ಪರದೆ ಎಳೆದಳು. ಅವತ್ತಿನ ಭಾಗದಲ್ಲಿ ನೀಲಿ ಬಟ್ಟೆಯವಳ ತಾಯಿಯೂ ಎದೆಗೆ ಮಶೀನ್ ಇಡಿಸಿಕೊಂಡವಳು ಎಂದು ತಿಳಿಯಿತು. ಗೋಪುರದವನು ಆ ತಾಯಿಯ ಕೈಯಲ್ಲೇ ಮಗಳ ಕುತ್ತಿಗೆ ಹಿಸುಕಿಸಿದ. ತಾಯಿಯ ಕಣ್ಣಿಂದ ನೀರು ಇಳಿಯುತ್ತಿದೆ, ಕೈ ಮಾತ್ರ ಬಿಡುತ್ತಿಲ್ಲ. ನಾನು ನನ್ನ ಕೈ ನೋಡಿಕೊಂಡೆ. ಪಕ್ಕದಲ್ಲಿ ಮೊಮ್ಮಗಳ ಕುತ್ತಿಗೆ ಇತ್ತು, ಸಣ್ಣ ಕುತ್ತಿಗೆ, ಬೆವರಿಗೆ ಪೌಡರ್ ಹಾಕಿಕೊಂಡಿದ್ದಳು. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

"ಹಸಿವಿ ಆಗ್ಯಾದ. ಏನರ ಮಾಡು ಹೋಗು" ಎಂದೆ.

ಅವಳು ಧಾರಾವಾಹಿ ನಿಲ್ಲಿಸಿ, "ಎದ್ದೀ ಅಂದ್ರ ನೋಡು ಮತ್ತ" ಎಂದು ಬೆರಳು ತೋರಿಸಿ, ಅಡುಗೆಮನೆಗೆ ಹೋಗಿ ಸುಸ್ಲಾಕ್ಕೆ ಮಂಡಕ್ಕಿ ನೆನೆಸಲು ಕೂತಳು. ನಾನು ಚೀಲ ತೆಗೆದುಕೊಂಡು ಚಪ್ಪಲಿ ಕೈಯಲ್ಲಿ ಹಿಡಿದು ಹೊರಬಿದ್ದೆ. ಗಲ್ಲಿಯ ತುದಿಯಲ್ಲಿ ಆಟೋ ಸಿಕ್ಕಿತು. ಬಸ್ ನಿಲ್ದಾಣದಲ್ಲಿ ಕಮಲಾಪುರದ ಬಸ್ಸು ಹೊರಡುತ್ತಿತ್ತು, ಹತ್ತಿಬಿಟ್ಟೆ. ಕಿಟಕಿಯಿಂದ ಕಾದ ಗಾಳಿ ಹೊಡೆಯುತ್ತಿತ್ತು. ದಾರಿ ಪೂರ್ತಿ ಎದೆ ಮೇಲೆ ಕೈ ಇಟ್ಟುಕೊಂಡೇ ಕೂತೆ, ನಿಂತಿತೇ, ಇದೆಯೇ ಎಂದು. ಬಸ್ಸಿನಲ್ಲಿ ಯಾರಾದರೂ ಮೊಬೈಲ್ ತೆಗೆದು ಬೆರಳಾಡಿಸಿದರೆ ನನ್ನ ಜೀವ ಹಾರುತ್ತಿತ್ತು. ಎಲ್ಲರೂ ಬೆರಳಾಡಿಸುವವರೇ.

ಕಮಲಾಪುರದಲ್ಲಿ ಇಳಿದೆ. ರಸ್ತೆ ಬದಿಗೆ ಬಾಳೆಹಣ್ಣಿನ ಅಂಗಡಿಗಳ ಸಾಲು, ಕೆಂಪು ಗೊನೆಗಳು ತೂಗುತ್ತಿದ್ದವು. ನನ್ನೂರು, ಇನ್ನು ಯಾರೂ ನನ್ನನ್ನು ಕೊಯ್ಯುವುದಿಲ್ಲ ಎಂದುಕೊಂಡೆ. ಅಷ್ಟು ನೆನಪಿದೆ.

ಕಣ್ಣು ಬಿಟ್ಟಾಗ ಬಾಳೆ ಎಲೆಗಳ ರಾಶಿಯ ಮೇಲೆ ಬಿದ್ದಿದ್ದೆ. ಮೇಲೆ ಮುಖಗಳು. ಯಾರೋ ತಲೆಗೆ ನಿಂಬೆಹಣ್ಣು ತಿಕ್ಕುತ್ತಿದ್ದರು, ರಸ ಕಣ್ಣಿಗೆ ಇಳಿದು ಉರಿಯುತ್ತಿತ್ತು. ನಮ್ಮ ಓಣಿಯ ಮುದುಕಿ, ನನ್ನ ವಾರಿಗೆಯವಳು, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದಳು.

"ಇದು ಬರೇ ಚಕ್ಕರ್ ಅಲ್ಲ. ಇಕಿ ಅಕ್ಕಗೂ ಹಿಂಗೇ ಆಗ್ತಿತ್ತು. ಇದೇ ಬೂದಿ ಮಾರಿ. ಹಿಂಗೇ ಬಿದ್ದು ಹಿಂಗೇ ಏಳ್ತಿದ್ಲು. ಭಾನಾಮತಿ ಮಾಡ್ಯಾರ ಇಕೀಗಿ."

"ತೆಗಿಯಾಂವ ಒಬ್ಬ ಇದ್ದಾನ್ರಿ" ಎಂದಿತು ಇನ್ನೊಂದು ದನಿ. ಅಂಗಡಿಯ ಒಬ್ಬ ಆಳು, ಮೀಸೆಯವನು. "ಈಗ ಬರೋದೂ ಬ್ಯಾಡ. ಅಂವ ಫೋನಿನ್ಯಾಗೇ ತೆಗೀತಾನ. ವಿಡಿಯೋ ಹಚ್ಚಿ ಮಾರಿ ತೋರಿಸಿದ್ರ ಸಾಕು."

ಅವನು ನನ್ನ ಮುಖದ ಮೇಲೆ ಮೊಬೈಲ್ ಹಿಡಿದ. ಗಾಜಿನೊಳಗೆ ಯಾರದೋ ಬೋಳುತಲೆ ಹೊಳೆಯಿತು. ಒಳಗಿನಿಂದ ದನಿ ಬಂತು, "ಎದಿ ಮ್ಯಾಲಿನ ಸೆರಗು ತೆಗೀರಿ, ಕಾಣವಲ್ದು."

ಟಿವಿಯಲ್ಲಿ ಎರಡು ದಿನ ಕಂಡದ್ದು ಇದೇ. ಗಾಜಿನ ಪಾಟಿ, ಮುಟ್ಟದ ಕೈ, ಬಿದ್ದ ನಾನು. ಸೆರಗನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದೆ. ಅಷ್ಟರಲ್ಲಿ ಒಂದು ಲೆಕ್ಕ ನನ್ನ ತಲೆಯೊಳಗೆ ತಾನೇ ನಡೆಯಿತು. ಹಲ್ಲು ಮುರಿಸಿಕೊಂಡ ಮುದುಕಿ ಸತ್ತು ಎಷ್ಟೋ ಕಾಲವಾಯಿತು. ಹೊಗೆ ಹಾಕಿದವನೂ ಸತ್ತ. ಅಂದಿನ ಗಂಡಸರು ಒಬ್ಬರೂ ಉಳಿದಿಲ್ಲ. ಮತ್ತೆ ಅದೇ ಬೂದಿ ಮುಖ ನನಗೆ ಯಾರು ಮಾಡಿದರು? ಅಕ್ಕ ನನ್ನ ಹಾಗೆ ಬೀಳುತ್ತಿದ್ದಳು, ನಾನು ಅಕ್ಕನ ಹಾಗೆ ಬೀಳುತ್ತಿದ್ದೇನೆ. ಡಾಕ್ಟರ್ ಕೇಳಿದ್ದು ಇದನ್ನೇ. ಯಾರೂ ಮಾಡಿಲ್ಲ. ಅವಳ ಎದೆ ನಿಲ್ಲುತ್ತಿತ್ತು. ನಿಲ್ಲುವ ಎದೆಗೆ ಹೊಗೆ ಕುಡಿಸಿದರು.

ಇದು ಹೊಳೆದಾಗ ಸಮಾಧಾನ ಆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನೂ ಹೆದರಿದೆ. ಮಾಡುವವರು ಇದ್ದರೆ ಕಾಲು ಹಿಡಿಯಬಹುದು. ಯಾರೂ ಇಲ್ಲ ಎಂದರೆ ಯಾರ ಕಾಲು ಹಿಡಿಯುವುದು?

"ಫೋನ್ ತೆಗೀರಿ ಮೊದ್ಲು! ಯಾರ್ರೀ ನೀವು?"

ಮೊಮ್ಮಗಳ ದನಿ. ನಾನು ಊರಿಗೇ ಹೋಗಿರಬೇಕು ಎಂದು ಊಹಿಸಿ ನನ್ನ ಬಸ್ಸಿನ ಬೆನ್ನಿಗೇ ಹೊರಟ ಬಸ್ಸು ಹಿಡಿದು ಬಂದಿದ್ದಳು. ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿ, ಕೈಗೆ ಮಂಡಕ್ಕಿ ಮೆತ್ತಿಕೊಂಡಿತ್ತು. ಜನರನ್ನು ಸರಿಸಿ ಒಳಗೆ ನುಗ್ಗಿ ಮೀಸೆಯವನ ಕೈಯನ್ನೇ ದೂಡಿದಳು.

"ಔಷಧ ಮಾಡಸಾಕತ್ತೀವಿ ತಂಗಿ, ಭಾನಾಮತಿ ಆಗ್ಯಾದ" ಎಂದ ಅವನು.

"ಎದಿ ರೋಗ ಅದ ಆಕೀಗಿ. ನಾಳಿಗಿ ಆಪರೇಷನ್ ಅದ. ನಿಮ್ಮ ಮಂತ್ರದ ಮುತ್ಯಾನ ವಿಡಿಯೋ ನೀವೇ ನೋಡ್ಕೋರಿ."

ಆಮೇಲೆ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ನನ್ನ ಕಣ್ಣಿಗೆ ಇಳಿದ ನಿಂಬೆರಸ ಒರೆಸಿದಳು.

"ಸತ್ತಿದ್ರ ನಮ್ಮವ್ವಗ ನಾ ಏನ್ ಹೇಳ್ಬೇಕಿತ್ತು ಆಯಿ?"

"ನೀರು ಕುಡಸು" ಎಂದೆ. ಕುಡಿಸಿದಳು. ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು, ಅವಳಪ್ಪ. ಹುಡುಗಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

"ಎಲ್ಲಿಲ್ಲ ಅಪ್ಪಾ, ಆಯಿಗಿ ಕೆಂಪು ಬಾಳಿಹಣ್ಣು ತಿನ್ನೋ ಆಶಾ ಆಯ್ತಂತ. ಕಮಲಾಪುರಕ್ಕ ಬಂದೀವಿ... ಹೌದು, ಬಸ್ಸಿಗಿ... ಹೌದು, ಬುದ್ಧಿ ಇಲ್ಲ ನನಗ. ಈಗ ಹೊಂಟೀವಿ."

ಹಾಗಾಗಿ ಬಾಳೆಹಣ್ಣು ಕೊಳ್ಳಬೇಕಾಯಿತು. ತನ್ನ ಆಳು ಫೋನ್ ಹಿಡಿದ ತಪ್ಪಿಗೆ ಅಂಗಡಿಯವನು ಎರಡು ಹಣ್ಣು ಹೆಚ್ಚು ಹಾಕಿದ. ಮಗನ ಮನೆಗೆ ಹೋಗಲಿಲ್ಲ. ಹೋಗಿದ್ದರೆ ಅವನೂ ನಮ್ಮ ಜೊತೆ ಅಳುತ್ತ ಬರುತ್ತಿದ್ದ.

ವಾಪಸ್ ಬಸ್ಸಿನಲ್ಲಿ ಅವಳು ನನ್ನ ತೋಳಿಗೆ ತನ್ನ ತೋಳು ಸಿಕ್ಕಿಸಿಕೊಂಡು ಕೂತಳು. ಆಗ ಅಕ್ಕನ ಮಾತು ಹೇಳಿದೆ, ಹೊಗೆಯನ್ನೂ ಹಲ್ಲನ್ನೂ ಹೇಳಿದೆ. ಇಷ್ಟು ವರ್ಷದಲ್ಲಿ ಮೊದಲು ಕೇಳಿದವಳು ಅವಳೇ.

"ಟಿವಿಯಾಗಿಂದು ಖರೇ ಅಂದ್ಕೊಂಡೀ ಏನು?" ಎಂದಳು.

"ಖರೇ ಅಲ್ಲ ಅಂತ ಗೊತ್ತದ. ಗೊತ್ತಿದ್ರ ಅಂಜಿಕಿ ಹೋಗ್ತದೇನು?"

ಸಂಜೆ ಮನೆಯಲ್ಲಿ ಮಗಳು ಬಾಳೆಹಣ್ಣು ನೋಡಿ ನಮ್ಮಿಬ್ಬರಿಗೂ ಬೈದಳು. ಹುಡುಗಿ ಉಳಿದ ಕೊನೆಯ ಭಾಗ ಹಾಕಲೋ ಬೇಡವೋ ಎಂದಳು. ಹಾಕು ಎಂದೆ. ಗೋಪುರದವನಿಗೆ ಏನಾಗುತ್ತದೆ ಎಂದು ತಿಳಿಯದೆ ದವಾಖಾನೆಗೆ ಹೋಗಲಾರೆ ಎನಿಸಿತು. ನೀಲಿ ಬಟ್ಟೆಯವಳು ಗೋಪುರ ಹತ್ತಿದಳು. ಪಾಟಿಗೆ ಕೈ ಹಾಕಿದಳು. ಅಲ್ಲಿಗೆ ಮುಗಿಯಿತು, ಹೆಸರುಗಳು ಬರತೊಡಗಿದವು.

"ಮುಂದ?"

"ಮುಂದಿಂದು ಮುಂದಿನ ವರ್ಷ ಬರ್ತದ ಆಯಿ."

"ಮುಂದಿನ ವರ್ಷಕ್ಕ ನಾ ಇರಬೇಕಲ್ಲ!"

"ಅದಕ್ಕೇ ಹಾಕ್ಸ್ಕೋ ಅನ್ನಾಕತ್ತಾರ."

ಸೋಮವಾರ ಹೋದೆ. ಮೇಜಿನ ಮೇಲೆ ಮಲಗಿಸುವ ಮೊದಲು ಡಾಕ್ಟರನ್ನು ಕೇಳಿದೆ, "ಹೊರಗಿಂದ ಒತ್ತುವ ಕಂಪ್ಯೂಟರ್ ಯಾರ ಕೈಯಾಗ ಇರ್ತದ?" ಅವನು ನಗಲಿಲ್ಲ. ಇಲ್ಲಿ ಇರುತ್ತದೆ, ನೀವು ಬಂದು ಮುಂದೆ ಕೂತಾಗ ಮಾತ್ರ ತೆಗೆಯುತ್ತೇವೆ ಎಂದ. ನಂಬಿದೆನೋ ಇಲ್ಲವೋ, ಕಮಲಾಪುರದ ಬಾಳೆ ಎಲೆಗಿಂತ ಈ ಮೇಜು ವಾಸಿ ಎಂದುಕೊಂಡೆ. ಆಮೇಲೆ ಅವನು ಶುಕ್ರವಾರ ಕೇಳಿದ್ದಕ್ಕೆ ಉತ್ತರ ಹೇಳಿದೆ.

"ನಮ್ಮಕ್ಕ ಬೀಳ್ತಿದ್ಲು. ಹಿಂಗೇ. ಸಣ್ಣಾಕಿ ಇದ್ದಾಗೇ ಸತ್ಲು."

ಎಚ್ಚರದಲ್ಲೇ ಕೊಯ್ದರು. ಚರ್ಮ ಮರಗಟ್ಟಿಸಿದ್ದರು, ನೋವಿರಲಿಲ್ಲ, ಆದರೆ ಭುಜದ ಕೆಳಗೆ ಏನೋ ಒತ್ತಿ ಕೂರಿಸುವುದು ಗೊತ್ತಾಗುತ್ತಿತ್ತು. ಬಾಗಿಲಿಗೆ ಚಿಲಕ ಕೂರಿಸುವ ಹಾಗೆ. ಮೇಲೆ ದೀಪ. ಹಲ್ಲು ಕಚ್ಚಿಕೊಂಡೆ, ನನಗೆ ಉಳಿದಷ್ಟು ಹಲ್ಲು. ಮರುದಿನ ಡಾಕ್ಟರ್ ಗಾಯದ ಪಟ್ಟಿಯ ಮೇಲೆ ಒಂದು ಸಾಧನ ಹಿಡಿದು ಕಂಪ್ಯೂಟರ್ ನೋಡಿದಾಗ ಮಂಚದ ಕಬ್ಬಿಣ ಹಿಡಿದು ಕಣ್ಣು ಮುಚ್ಚಿದೆ. ಕೈ ತಾನೇ ಏಳಲಿಲ್ಲ. ಕಾಲು ತಾನೇ ನಡೆಯಲಿಲ್ಲ.

"ಈಗ ಏನ್ ಮಾಡಾಕತ್ತದ ಅದು?" ಎಂದೆ.

"ಏನೂ ಇಲ್ಲವ್ವಾ. ನಿಮ್ಮ ಎದಿ ತಾನೇ ಬಡಿಯಾಕತ್ತದ. ಇದು ಸುಮ್ನ ಕುಂತು ನೋಡಾಕತ್ತದ. ನಿಮ್ಮ ಎದಿ ನಿಂತ್ರ ಇದು ಒಂದು ಏಟು ಕೊಡ್ತದ. ಅಷ್ಟೇ ಇದರ ಕೆಲಸ."

ಅಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಅಕ್ಕನ ಮಾತು ಕೇಳಿದ ಡಾಕ್ಟರ್, ರಕ್ತದಲ್ಲಿ ಬಂದಿರಬಹುದು, ಮಕ್ಕಳು ಮೊಮ್ಮಕ್ಕಳು ಎಲ್ಲರೂ ಒಮ್ಮೆ ತೋರಿಸಿ ಎಂದ. ಮಗ ಕಮಲಾಪುರದಿಂದ ಬಂದ. ಅವನದೂ ಮಗಳದೂ ಗೆರೆ ಸರಿ ಇತ್ತು. ಮೊಮ್ಮಗಳ ಕಾಗದವನ್ನು ಡಾಕ್ಟರ್ ತುಸು ಹೆಚ್ಚು ಹೊತ್ತು ಹಿಡಿದು ನೋಡಿದ. ನನ್ನ ಮಶೀನಿಗೆ ಅವತ್ತು ಮೊದಲ ಕೆಲಸ ಬಿದ್ದಿರಬೇಕು. "ಈಗೇನಿಲ್ಲ. ವರ್ಷಕ್ಕೊಮ್ಮಿ ತೋರಸ್ರಿ" ಎಂದ. ಹುಡುಗಿ ಎದೆಯ ಮೇಲಿನ ಜೆಲ್ ಒರೆಸಿಕೊಳ್ಳುತ್ತ, "ನನಗ ಹಾಕೋದಾದ್ರ ನೀಲಿ ಬಣ್ಣದ್ದು ಹಾಕ್ರಿ" ಎಂದಳು. ಡಾಕ್ಟರ್ ನಕ್ಕ, ಮಗಳು ನಕ್ಕಳು. ನಾನು ನಗಲಿಲ್ಲ. ಈಗೇನಿಲ್ಲ ಎಂಬ ಮಾತು ನನಗೆ ಸಾಲುವುದಿಲ್ಲ.

ನಾನೀಗ ಬೀಳುವುದಿಲ್ಲ. ತಿಂಗಳಿಗೊಮ್ಮೆ ಶನಿವಾರ ಕಲಬುರಗಿಗೆ ಬರುತ್ತೇನೆ, ಬಾಳೆಹಣ್ಣು ತರುತ್ತೇನೆ, ಭಾನುವಾರದವರೆಗೆ ಇಬ್ಬರೂ ಪರದೆ ಎಳೆದು ಕೂಡುತ್ತೇವೆ. ಪಾಟಿ ಹಿಡಿದವರು ಟಿವಿಯಲ್ಲಿ ಬಂದರೆ ಈಗಲೂ ಸೆರಗು ಎಳೆದುಕೊಳ್ಳುತ್ತೇನೆ. ಆದರೆ ನೋಡುವುದು ಅವರನ್ನಲ್ಲ. ಹುಡುಗಿ ನೀರಿಗೆ ಎದ್ದರೆ ಬಾಗಿಲವರೆಗೆ ನೋಡುತ್ತೇನೆ. ಬಚ್ಚಲಿಗೆ ಹೋದರೆ ಹಿಂದೆಯೇ ಹೋಗಿ ಬಾಗಿಲು ಹಾಕಿಕೊಳ್ಳಬೇಡ ಎನ್ನುತ್ತೇನೆ. ಕೂತಲ್ಲಿ ನಿದ್ದೆಗೆ ಜಾರಿದರೆ ಮುಖದ ಬಣ್ಣ ನೋಡುತ್ತೇನೆ.

ಮೊನ್ನೆ ಅವಳಿಗೆ ಸಿಟ್ಟು ಬಂತು.

"ಟಿವಿ ಅಲ್ಲಿ ಅದ ಆಯಿ. ನನ್ನ ಮಾರಿ ಏನ್ ನೋಡ್ತಿ?"

"ಒಂದು ಕಣ್ಣು ಅಲ್ಲಿ ಅದ, ಒಂದು ಕಣ್ಣು ಇಲ್ಲಿ ಅದ" ಎಂದೆ.

"ಮೆಳ್ಳಗಣ್ಣಾಗ್ತದ ನಿಂದು."

"ಆಗ್ಲಿ ಬಿಡು."